ಸೌದೆ ಖರೀದಿ ಮತ್ತು ಸಂಗ್ರಹ: "ಚೆನ್ನಾಗಿ ಒಣಗಿದೆ" ಅಂದರೆ ಎಷ್ಟು ಒಣಗಿದೆ?

ಹೊಸಒಲೆ
ಬಾಗಿಲಿರುವ ಕಬ್ಬಿಣದ ಒಲೆ, 6 ಕಿಲೋವ್ಯಾಟ್. ಮನೆ ಬೆಚ್ಚಗಿಡೋಕೆ ದಿನಕ್ಕೆ 6 ಗಂಟೆ, ವರ್ಷಕ್ಕೆ 4 ತಿಂಗಳು ಉರಿಸಬೇಕು. ಮಾರುವವರಲ್ಲಿ ಒಬ್ಬರದ್ದು ತೂಕದ ಲೆಕ್ಕ, ಇನ್ನೊಬ್ಬರದ್ದು ಗಾಡಿ ಲೆಕ್ಕ. ಇಬ್ಬರೂ "ಚೆನ್ನಾಗಿ ಒಣಗಿದೆ" ಅನ್ನುತ್ತಾರೆ. ಎಷ್ಟು ಬೇಕಾಗುತ್ತದೆ, ಯಾವ ಲೆಕ್ಕದಲ್ಲಿ ತಗೊಳ್ಳೋದು ಮೇಲು? ತಂದ ಮೇಲೆ ಸುತ್ತ ಟಾರ್ಪಾಲು ಹೊದಿಸಿಟ್ಟರೆ ಸಾಕಾ?

ತೂಕದಕಲ್ಲು
ಮೊದಲು ಎಷ್ಟು ಬೇಕು ಅನ್ನೋದು. 6 ಕಿಲೋವ್ಯಾಟ್ ಒಲೆ 6 ಗಂಟೆ ಪೂರ್ತಿ ಉರಿದರೆ ಕೋಣೆಗೆ ಸಿಗೋದು 36 ಯೂನಿಟ್ ಶಾಖ. ಕರೆಂಟ್ ಬಿಲ್ಲಿನಲ್ಲಿ ಬರುವ ಯೂನಿಟ್ಟೇ ಇದು. ಒಳ್ಳೆಯ ಒಲೆಯಲ್ಲೂ ಸುಮಾರು ಕಾಲು ಭಾಗ ಚಿಮಣಿ ಪಾಲಾಗುತ್ತದೆ, ಹಾಗಾಗಿ ಸೌದೆಯಿಂದ 48 ಯೂನಿಟ್ ಹೊರಡಬೇಕು. ಐದರಲ್ಲಿ ಒಂದು ಪಾಲು ನೀರಿರುವ ಸೌದೆ, ಅಂದರೆ 20%, ಕೆ.ಜಿ.ಗೆ ಹೆಚ್ಚುಕಮ್ಮಿ 4 ಯೂನಿಟ್ ಕೊಡುತ್ತದೆ. ದಿನಕ್ಕೆ 12 ಕೆ.ಜಿ., 120 ದಿನಕ್ಕೆ 1,440 ಕೆ.ಜಿ. ಚಳಿ ಜಾಸ್ತಿಯಾದರೆ ಅಂತ ಕಾಲು ಭಾಗ ಸೇರಿಸಿ 1,800 ಕೆ.ಜಿ. ಇಟ್ಟುಕೊಳ್ಳಿ.

ಅದೇ ಮರ ಹಸಿಯಾಗಿದ್ದು ಅರ್ಧ ತೂಕ ನೀರೇ ಆಗಿದ್ದರೆ ಕೆ.ಜಿ.ಗೆ ಸಿಗೋದು 2.2 ಯೂನಿಟ್ ಮಾತ್ರ. ನೀರು ಆವಿಯಾಗೋಕೆ ತಿನ್ನುವ ಶಾಖ ಅದರಲ್ಲಿ ಚಿಕ್ಕ ಪಾಲು. ದೊಡ್ಡ ನಷ್ಟ ಬೇರೆ: ಆ ಕೆ.ಜಿ.ಯಲ್ಲಿ ಮರವೇ ಅರ್ಧ ಇರುತ್ತದೆ.

ತೂಕದ ಲೆಕ್ಕದಲ್ಲಿ ಮೋಸ ಆಗೋದೂ ಅಲ್ಲೇ. ಅರ್ಧ ನೀರಿರುವ 1,000 ಕೆ.ಜಿ. ಕೊಂಡರೆ ಒಳಗಿರುವ ಒಣ ಮರ 500 ಕೆ.ಜಿ. ಅದು 20%ಕ್ಕೆ ಇಳಿದಾಗ ತಕ್ಕಡಿಯಲ್ಲಿ 625 ಕೆ.ಜಿ. ಬರುತ್ತದೆ. ಉಳಿದ 375 ಕೆ.ಜಿ. ಗಾಳಿಗೆ ಹೋಯಿತು, ದುಡ್ಡು ಮಾತ್ರ ಮಾರಿದವರ ಹತ್ತಿರ ಉಳಿಯಿತು. ತೇವ ಎಷ್ಟಿದೆ ಅಂತ ಅಳೆದು ನೋಡದೆ ತೂಕಕ್ಕೆ ಕೊಳ್ಳಲೇಬೇಡಿ.

ಕೊಡಲಿಕಾವು
ಗಾಡಿ ಲೆಕ್ಕಕ್ಕೂ ಒಂದು ಗುಂಡಿ ಇದೆ. "ಒಂದು ಘನ ಮೀಟರ್" ಅನ್ನೋದಕ್ಕೆ ಮೂರು ಅರ್ಥ: ಸಂದಿಲ್ಲದ ಗಟ್ಟಿ ಮರ, ಸಾಲಾಗಿ ಒಟ್ಟಿದ್ದು, ಗಾಡಿಗೆ ಸುಮ್ಮನೆ ಎಸೆದು ತುಂಬಿದ್ದು. ನೀಟಾಗಿ ಒಟ್ಟಿದ ಘನ ಮೀಟರಿನಲ್ಲಿ ಮರ ಇರೋದು 60ರಿಂದ 70%, ಮಿಕ್ಕಿದ್ದು ಸಂದಿಯ ಗಾಳಿ. ಎಸೆದು ತುಂಬಿದ್ದರಲ್ಲಿ ಮರ ಸುಮಾರು 40% ಅಷ್ಟೇ. ಎಸೆದು ತುಂಬಿದ ಗಾಡಿಯ ಉದ್ದ, ಅಗಲ, ಎತ್ತರ ಗುಣಿಸಿ ಬಂದದ್ದನ್ನು 0.6ರಿಂದ ಗುಣಿಸಿದರೆ ನಿಮ್ಮ ಅಂಗಳದಲ್ಲಿ ಒಟ್ಟಿದಾಗ ಎಷ್ಟಾಗುತ್ತದೆ ಅನ್ನೋದು ಸಿಗುತ್ತದೆ.

ಕೆಲವು ಕಡೆ ಕಾರ್ಡ್ ಲೆಕ್ಕ ಇದೆ. ಪೂರ್ತಿ ಕಾರ್ಡ್ ಅಂದರೆ ಒಟ್ಟಿದ 8 ಅಡಿ ಉದ್ದ, 4 ಅಡಿ ಎತ್ತರ, 4 ಅಡಿ ಆಳ: 128 ಘನ ಅಡಿ, ಸುಮಾರು 3.6 ಘನ ಮೀಟರ್. ಫೇಸ್ ಕಾರ್ಡ್ ಅಂದರೆ ಮುಂಭಾಗ ಅಷ್ಟೇ ಉದ್ದ ಎತ್ತರ ಇದ್ದರೂ ಆಳ ಒಂದೇ ತುಂಡಿನದ್ದು. ತುಂಡು 16 ಇಂಚಿನದ್ದಾದರೆ ಅದು ಪೂರ್ತಿ ಕಾರ್ಡಿನ ಮೂರನೇ ಒಂದು ಪಾಲು. ಬರೀ "ಕಾರ್ಡ್" ಅಂದರೆ ಯಾವುದು ಅಂತ ಕೇಳಿ.

ನಿಮ್ಮ 1,800 ಕೆ.ಜಿ.ಗೆ ಓಕ್, ಬೀಚ್, ಜಾಲಿಯಂಥ ಗಟ್ಟಿ ಮರ ಒಟ್ಟಿದ ಲೆಕ್ಕದಲ್ಲಿ ಸುಮಾರು 4 ಘನ ಮೀಟರ್, ಪೈನ್ ಜಾತಿಯ ಹಗುರ ಮರವಾದರೆ ಐದೂವರೆ. ಕೆ.ಜಿ.ಗೆ ಕೆ.ಜಿ. ಹಿಡಿದರೆ ಎಲ್ಲ ಮರದ ಶಾಖವೂ ಹತ್ತಿರ ಹತ್ತಿರ ಒಂದೇ. ಗಟ್ಟಿ ಮರಕ್ಕೆ ಜಾಗ ಕಡಿಮೆ ಸಾಕು, ಕೆಂಡ ಹೊತ್ತು ನಿಲ್ಲುತ್ತದೆ. ಹಗುರ ಮರ ಬೇಗ ಹತ್ತಿಕೊಳ್ಳುತ್ತದೆ, ಬೇಗ ಮುಗಿಯುತ್ತದೆ. ಎರಡನ್ನೂ ಸ್ವಲ್ಪ ಸ್ವಲ್ಪ ಇಟ್ಟುಕೊಳ್ಳೋದು ಜಾಣತನ.

ನನ್ನ ಪಕ್ಷಪಾತ ಹೇಳಿಬಿಡುತ್ತೇನೆ: "ಒಣಗಿದೆ" ಅಂತ ಮಾರುವ ಅರೆ ಹಸಿ ಸೌದೆಗಿಂತ, ಹಸಿ ಅಂತ ಒಪ್ಪಿಕೊಂಡು ಮಾರುವ ಹಸಿ ಸೌದೆ ಮೇಲು. ಒಂದು ವರ್ಷ ಮೊದಲೇ, ಒಟ್ಟಿದ ಅಳತೆಯ ಲೆಕ್ಕದಲ್ಲಿ ಕೊಂಡು ನೀವೇ ಒಣಗಿಸಿ.

ಹೊಸಒಲೆ
ಈ ವರ್ಷದ ಚಳಿಗೆ ಒಣಗಿದ್ದೇ ಬೇಕಲ್ಲ. ತೇವದ ಮೀಟರ್ ಹಿಡಿದು ನೋಡಿದರೆ ಒಂದು ತುಂಡು 14 ತೋರಿಸುತ್ತದೆ, ಅದನ್ನೇ ಸೀಳಿದ ಮೇಲೆ 27. ಯಾವುದನ್ನು ನಂಬೋದು?

ಒಣಸೀಳು
27ನ್ನು. ಹೊರಮೈ ಎರಡು ದಿನದ ಬಿಸಿಲಿಗೇ ಒಣಗುತ್ತದೆ, ಒಳಗಿನ ಸುದ್ದಿ ಅದಕ್ಕೆ ಗೊತ್ತಿರೋದಿಲ್ಲ. ತುಂಡಿನ ಎರಡು ತುದಿ ಅದಕ್ಕಿಂತ ಹೆಚ್ಚು ಸುಳ್ಳು ಹೇಳುತ್ತವೆ. ನೀರು ಬೇಗ ಹೊರಡೋದು ಅಲ್ಲಿಂದಲೇ.

ಅಳೆಯೋದು ಹೀಗೆ. ರಾಶಿಯ ಮೇಲಿನದ್ದಲ್ಲ, ನಡುವಿನಿಂದ ಮೂರು ನಾಲ್ಕು ದಪ್ಪ ತುಂಡು ಎಳೆಯಿರಿ. ತಣ್ಣಗಿದ್ದರೆ ಕೋಣೆಯಲ್ಲಿಟ್ಟು ಕೋಣೆಯ ಬಿಸಿಗೆ ಬರಲಿ, ಚಳಿ ಹಿಡಿದ ಮರದಲ್ಲಿ ಮೀಟರ್ ಕಡಿಮೆ ತೋರಿಸುತ್ತದೆ. ಕೊಡಲಿಯಿಂದ ಸೀಳಿ, ಕೂಡಲೇ, ಹೊಸದಾಗಿ ತೆರೆದ ಮೈಯಲ್ಲಿ, ಉದ್ದದ ನಡುವೆ, ಮೀಟರಿನ ಎರಡೂ ಮೊಳೆ ನಾರಿನ ಗುಂಟ ಬರುವಂತೆ ಒತ್ತಿ ಇಳಿಸಿ. ಮೊಳೆ ತುದಿ ತಾಗಿದರೆ ಸಾಲದು, ಪೂರ್ತಿ ಕೂರಬೇಕು. ಗಂಟು, ತೊಗಟೆ ಇರುವ ಜಾಗ ಬಿಡಿ. ಎಲ್ಲದರಲ್ಲಿ ಹೆಚ್ಚು ತೋರಿಸಿದ ತುಂಡನ್ನು ಲೆಕ್ಕಕ್ಕೆ ಹಿಡಿಯಿರಿ, ಸರಾಸರಿ ಬೇಡ.

ಮಾರುವವರ ಮುಂದೆಯೇ ಸೀಳಿ ನೋಡಿ. ಬೇಡ ಅಂದರೆ ಅದೇ ಉತ್ತರ.

ತೂಕದಕಲ್ಲು
ಇಲ್ಲಿ ಬಹಳ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಮೀಟರ್ ತೋರಿಸೋದು ನೀರಿನ ತೂಕವನ್ನು ಒಣ ಮರದ ತೂಕಕ್ಕೆ ಹೋಲಿಸಿ. ಸೌದೆ ಮಾತಾಡುವಾಗ ಸಾಮಾನ್ಯವಾಗಿ ಹೇಳೋದು ಇಡೀ ತುಂಡಿನ ತೂಕದಲ್ಲಿ ನೀರು ಎಷ್ಟು ಅಂತ. ಮೀಟರಿನ 25 ಅಂದರೆ ಇಡೀ ತೂಕದ 20%. ಮೀಟರಿನ 20 ಅಂದರೆ 16.7%. ನಿಮ್ಮ 27 ಅಂದರೆ 21%ಕ್ಕಿಂತ ತುಸು ಮೇಲೆ, ಗಡಿ ಹತ್ತಿರ ಇದೆ. ಸೀಳಿ ಗಾಳಿ ಬಿಸಿಲಿಗೆ ಬಿಟ್ಟರೆ ಹಗುರ ಮರ ಕೆಲವು ವಾರಕ್ಕೇ ದಾರಿಗೆ ಬರುತ್ತದೆ. ಮೀಟರ್ 30 ದಾಟಿತೋ ಅದು ತೋರಿಸುವ ಅಂಕಿ ಊಹೆ ಅಂತ ತಿಳಿದು "ಹಸಿ" ಅಂತಷ್ಟೇ ಓದಿಕೊಳ್ಳಿ.

ಮೀಟರೇ ಸರಿ ಇದೆಯಾ ಅಂತ ಅನುಮಾನ ಬಂದರೆ ತಕ್ಕಡಿ ಸಾಕು. ತುಂಡಿನ ನಡುವಿನಿಂದ 2 ಸೆಂ.ಮೀ. ದಪ್ಪದ ಬಿಲ್ಲೆ ಕೊಯ್ದು ತಕ್ಷಣ ತೂಗಿ. 103 ಡಿಗ್ರಿಯ ಓವನ್ನಿನಲ್ಲಿಟ್ಟು ತೂಕ ಇಳಿಯೋದು ನಿಲ್ಲುವವರೆಗೆ ಆಗಾಗ ತೂಗುತ್ತಿರಿ. ಹತ್ತಿರ ಯಾರಾದರೂ ಇರಬೇಕು, ಶಾಖ ಏರಿಸಬಾರದು. 640 ಗ್ರಾಂ ಇದ್ದದ್ದು 500ಕ್ಕೆ ನಿಂತಿತು ಅನ್ನಿ. ಹೋದ ನೀರು 140 ಗ್ರಾಂ. 500ಕ್ಕೆ ಹೋಲಿಸಿದರೆ 28, ಮೀಟರ್ ಇದನ್ನು ತೋರಿಸಬೇಕಿತ್ತು. 640ಕ್ಕೆ ಹೋಲಿಸಿದರೆ 22%.

ಕೊಡಲಿಕಾವು
ಮೀಟರ್ ಇಲ್ಲದವರು ತುದಿಯ ಬಿರುಕು ನೋಡುತ್ತಾರೆ, ಎರಡು ತುಂಡು ಬಡಿದು ಠಣ್ ಅನ್ನುತ್ತದಾ ಬೊದ್ ಅನ್ನುತ್ತದಾ ಅಂತ ಕೇಳುತ್ತಾರೆ. ಠಣ್ ಅಂದದ್ದು ಒಣಗಿರೋದು ಸಾಮಾನ್ಯವಾಗಿ ನಿಜ. ಬಿರುಕು ಮಾತ್ರ ನಂಬಿಕೆಗೆ ಅರ್ಹವಲ್ಲ. ತುದಿ ಬೇಗ ಒಣಗಿ ಕುಗ್ಗುತ್ತದೆ, ಒಳಗೆ ಹಸಿ ಉಬ್ಬಿಕೊಂಡೇ ಇರುತ್ತದೆ, ಆ ಜಗ್ಗಾಟಕ್ಕೆ ತಿರುಳಿನಿಂದ ತೊಗಟೆ ಕಡೆಗೆ ಸೀಳು ಬಿಡುತ್ತದೆ. ಅಂದರೆ ಒಣಗೋಕೆ ಶುರುವಾಗಿದೆ ಅನ್ನೋದಕ್ಕೆ ಅದು ಸಾಕ್ಷಿ, ಒಣಗಿ ಮುಗಿದಿದೆ ಅನ್ನೋದಕ್ಕಲ್ಲ.

ಒಣಗಿಸುವಲ್ಲಿ ಮುಕ್ಕಾಲು ಕೆಲಸ ಕೊಡಲಿಯದ್ದು. ನೀರು ನಾರಿನ ಗುಂಟ ಹೋಗುವ ವೇಗ ಅಡ್ಡ ಹೋಗೋದಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ತೊಗಟೆಯಂತೂ ಹೆಚ್ಚುಕಮ್ಮಿ ಮುಚ್ಚಳ. ಹಾಗಾಗಿ ತುಂಡು ಗಿಡ್ಡ ಇರಬೇಕು, ಸೀಳಿರಬೇಕು. ಉದ್ದ ಒಲೆಯ ಒಳಗಿನ ಅಳತೆಗಿಂತ 5ರಿಂದ 8 ಸೆಂ.ಮೀ. ಕಡಿಮೆ. ಸೀಳಿನ ದಪ್ಪ 8ರಿಂದ 13 ಸೆಂ.ಮೀ. ತೋಳಿನ ದಪ್ಪದ ಕೊಂಬೆಯನ್ನೂ ಒಂದು ಏಟು ಹಾಕಿ ಎರಡು ಮಾಡಿ. ಬರ್ಚ್ ಮರವನ್ನು ಸೀಳದೆ ಬಿಟ್ಟರೆ ನೀರೇ ಹೋಗದ ಅದರ ತೊಗಟೆಯೊಳಗೆ ಲಡ್ಡಾಗುತ್ತದೆ, ಹೊರಗೆ ನೋಡಿದರೆ ಹೊಸದರಂತೆಯೇ ಇರುತ್ತದೆ.

ಹಸಿಯಿರುವಾಗಲೇ ಸೀಳಿ, ಬಹಳ ಮರ ಆಗಲೇ ಸುಲಭ. ನೀಲಗಿರಿ ಒಣಗಿತೋ ಕೊಡಲಿಯನ್ನೇ ವಾಪಸ್ ಎಸೆಯುತ್ತದೆ.

ಸೀಳಿ ಗಾಳಿಗೆ ಒಟ್ಟಿದರೆ ಹಗುರ ಮರಕ್ಕೆ 6ರಿಂದ 12 ತಿಂಗಳು, ಬರ್ಚ್‌ಗೆ ಒಂದು ವರ್ಷ, ಓಕ್‌ನಂಥದ್ದಕ್ಕೆ ಎರಡು ವರ್ಷ ಹಿಡಿಯಬಹುದು.

ಇಲ್ಲಣ
ಟಾರ್ಪಾಲಿನ ಪ್ರಶ್ನೆಗೆ ಯಾರೂ ಬರಲಿಲ್ಲ. ಸುತ್ತ ಹೊದಿಸೋದು ಎಲ್ಲಕ್ಕಿಂತ ಕೆಟ್ಟ ಪದ್ಧತಿ. ಒಂದು ಘನ ಮೀಟರ್ ಹಸಿ ಗಟ್ಟಿ ಮರ ಒಣಗುವಷ್ಟರಲ್ಲಿ 200 ಲೀಟರಿಗೂ ಮಿಕ್ಕಿ ನೀರು ಬಿಡುತ್ತದೆ. ಹೊದಿಕೆಯೊಳಗೆ ಆ ಆವಿ ಹಗಲು ಏರಿ, ರಾತ್ರಿ ಟಾರ್ಪಾಲಿನ ಒಳಮೈಗೆ ಹನಿಗಟ್ಟಿ, ಮತ್ತೆ ಸೌದೆ ಮೇಲೆಯೇ ಬೀಳುತ್ತದೆ. ಎರಡು ತಿಂಗಳಿಗೆ ಎತ್ತಿ ನೋಡಿದರೆ ಬಿಳಿ ಬೂಷ್ಟು, ಹುಳಿ ವಾಸನೆ. ಮಳೆಗೆ ಮೈಯೊಡ್ಡಿ ಗಾಳಿಗೆ ನಿಂತ ಸೌದೆ ಇದಕ್ಕಿಂತ ವಾಸಿ, ಯಾಕೆಂದರೆ ಒಣಗಿದ ಸೀಳಿನ ಮೇಲೆ ಬಿದ್ದ ಮಳೆ ಹೊರಮೈಯಲ್ಲೇ ಉಳಿದು ಕೆಲವು ದಿನದಲ್ಲಿ ಆರುತ್ತದೆ.

ಬೇಕಾದದ್ದು ತಲೆಗೆ ಟೋಪಿ, ಮೈಗೆ ಗಾಳಿ. ಮೇಲೆ ತಗಡು, ಒಂದು ಕಡೆ ಇಳಿಜಾರು, ಅಂಚು ಸೌದೆಗಿಂತ ಒಂದು ಗೇಣು ಹೊರಗೆ. ಟಾರ್ಪಾಲೇ ಇದ್ದರೆ ಮೇಲಿನ ಒಂದೆರಡು ಸಾಲಿಗಷ್ಟೇ ಹೊದಿಸಿ, ಬದಿಗೆ ಇಳಿಬಿಡಬೇಡಿ. ಕೆಳಗೆ ನೆಲದಿಂದ 10ರಿಂದ 15 ಸೆಂ.ಮೀ. ಎತ್ತರ ಬೇಕು: ಇಟ್ಟಿಗೆ ಮೇಲೆ ಎರಡು ಉದ್ದನೆ ತೊಲೆ ಸಾಕು. ಗೋಡೆಗೆ ತಾಗಿಸಬೇಡಿ, ಕೈ ತೂರುವಷ್ಟು ಜಾಗ ಬಿಡಿ. ಹಸಿ ಸೌದೆಯನ್ನು ಒಂದೇ ಸಾಲು ಆಳಕ್ಕೆ ಒಟ್ಟಿ. ಹಿಂದೊಂದು ಮುಂದೊಂದು ಸಾಲು ಒತ್ತಿಟ್ಟರೆ ನಡುವಿನದ್ದು ಕೊನೆಯಲ್ಲಿ ಒಣಗುತ್ತದೆ. ಬಿಸಿಲು ಮತ್ತು ಗಾಳಿ ಎರಡರಲ್ಲಿ ಒಂದನ್ನೇ ಆರಿಸಬೇಕಾದರೆ ಗಾಳಿ ಬರುವ ಜಾಗವನ್ನೇ ಆರಿಸಿ.

ಹೊಸಒಲೆ
ಗಾಳಿಯಲ್ಲೇ ತೇವ ಜಾಸ್ತಿ ಇದ್ದರೆ? ಮಳೆಗಾಲದಲ್ಲಿ ಬಟ್ಟೆಯೇ ಒಣಗೋದಿಲ್ಲ.

ತೂಕದಕಲ್ಲು
ಮರ ಸುತ್ತಲ ಗಾಳಿಗೆ ತಕ್ಕ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಸುಮಾರು 20 ಡಿಗ್ರಿ ಬಿಸಿಯಲ್ಲಿ ಗಾಳಿಯ ತೇವ 65% ಇದ್ದರೆ ಮೀಟರಿನಲ್ಲಿ 12, 80% ಇದ್ದರೆ 16, 90% ಇದ್ದರೂ 20 ಆಸುಪಾಸು. ಅಂದರೆ ವಾರಗಟ್ಟಲೆ ಮುಸುಕಿದ ಹವೆಯಲ್ಲೂ, ನೆತ್ತಿಗೆ ಮಳೆ ಬೀಳದಿದ್ದರೆ ಒಣ ಸೌದೆ ಉರಿಸಲಾಗದಷ್ಟು ಹಸಿಯಾಗೋದಿಲ್ಲ. ಭಟ್ಟಿಯಲ್ಲಿ ಒಣಗಿಸಿದ ಸೌದೆಗೂ ಇದೇ ನಿಯಮ: 10ಕ್ಕೆ ಇಳಿಸಿ ಮಾರಿದ್ದು ನಿಮ್ಮ ಕೊಟ್ಟಿಗೆಯಲ್ಲಿ ನಿಧಾನ 15, 16ಕ್ಕೆ ಏರುತ್ತದೆ. ಅಷ್ಟು ಒಣಗಿಸಿದ್ದಕ್ಕೆ ಹೆಚ್ಚು ದುಡ್ಡು ಕೊಡುವ ಅಗತ್ಯ, ಈ ವಾರವೇ ಉರಿಸುವವರಿಗೆ ಬಿಟ್ಟು, ಯಾರಿಗೂ ಇಲ್ಲ.

ಒಣಸೀಳು
ಒಟ್ಟುವ ಕೈಚಳಕದ ಬಗ್ಗೆ ನಾಲ್ಕು ಮಾತು. ಸಾಲಿನ ಎರಡು ತುದಿಯಲ್ಲಿ ಒಂದು ಪದರ ಉದ್ದಕ್ಕೆ, ಅದರ ಮೇಲೆ ಒಂದು ಪದರ ಅಡ್ಡಕ್ಕೆ ಇಟ್ಟು ಚೌಕ ಕಂಬ ಕಟ್ಟಿ, ಅದಕ್ಕೆ ನೇರವಾದ ಚಪ್ಪಟೆ ಸೀಳುಗಳನ್ನೇ ಆರಿಸಿ. ಕಂಬ ಕೂದಲೆಳೆಯಷ್ಟು ಒಳಕ್ಕೆ ವಾಲಿರಲಿ. ಎತ್ತರ 1.2 ಮೀಟರ್ ದಾಟಿಸಬೇಡಿ, ಮಕ್ಕಳು ಓಡಾಡುವ ಕಡೆ ಇನ್ನೂ ಕಡಿಮೆ. ಒಣಗುತ್ತಾ ಸೌದೆ ಕುಗ್ಗುತ್ತದೆ, ಬಿಸಿಲು ಬೀಳುವ ಮಗ್ಗುಲು ಮೊದಲು ಕುಗ್ಗಿ ಇಡೀ ಸಾಲು ಆ ಕಡೆಗೆ ಬಾಗುತ್ತದೆ. ನೆಟ್ಟಗೆ ಕಟ್ಟಿದ ಸಾಲು ಮೂರು ತಿಂಗಳಿಗೆ ಮಗುಚೋದು ಇದರಿಂದಲೇ. ವಾಲಿದ್ದು ಕಂಡ ದಿನವೇ ಬಿಚ್ಚಿ ಒಟ್ಟಿ, ಕೋಲು ಕೊಟ್ಟು ನಿಲ್ಲಿಸಿದ್ದು ನಿಲ್ಲೋದಿಲ್ಲ.

ತೊಗಟೆ ಮೇಲಕ್ಕೋ ಕೆಳಕ್ಕೋ ಅನ್ನೋದು ಮುಗಿಯದ ಜಗಳ. ಮೇಲೆ ತಗಡಿದ್ದರೆ ಎರಡೂ ಒಂದೇ. ತಗಡಿಲ್ಲದ ಬಯಲಲ್ಲಿ ಮೇಲಿನ ಸಾಲಿನದ್ದು ಮೇಲಕ್ಕಿರಲಿ, ಹೆಂಚಿನ ಹಾಗೆ ನೀರು ಜಾರಿಸುತ್ತದೆ.

ಕೊಡಲಿಕಾವು
ತೀರಾ ಕೆಳಗಿನ ಸಾಲಿನದ್ದು ಕೆಳಕ್ಕೆ. ನೆಲದ ತೇವಕ್ಕೆ ತೊಗಟೆಯೇ ತಡೆ.

ಗೆದ್ದಲಹುತ್ತ
ಹುಳದ ಮಾತು. ಗೆದ್ದಲಿಗೆ ನೆಲಕ್ಕೂ ಸೌದೆಗೂ ನಡುವೆ ದಾರಿ ಬೇಕು. ನೆಲದಿಂದ ಎತ್ತರಿಸೋದು ಅರ್ಧ ಮದ್ದು, ಮನೆಯ ಪಾಯದಿಂದ ದೂರ ಇಡೋದು ಇನ್ನರ್ಧ. ಇಟ್ಟಿಗೆಯ ಮೇಲೆ ಮಣ್ಣಿನ ಗೆರೆ ಏರುತ್ತಿದೆಯಾ ಅಂತ ತಿಂಗಳಿಗೊಮ್ಮೆ ಬಗ್ಗಿ ನೋಡಿ. ಒಟ್ಟಿದ ಸೌದೆಗೆ ಹುಳದ ಔಷಧಿ ಹೊಡೆಯಬೇಡಿ, ಉರಿಸಿದಾಗ ಅದು ಮನೆಯೊಳಗಿನ ಗಾಳಿಗೇ ಬರುತ್ತದೆ.

ತೊಗಟೆ ಕೆಳಗೆ ಕೊರೆದ ಹುಳು ಹೆಚ್ಚಾಗಿ ಹಸಿ ಮರದ್ದು, ಮನೆಯ ಮರಮುಟ್ಟಿಗೆ ಬರೋದಿಲ್ಲ. ಒಣ ಗಟ್ಟಿ ಮರದಲ್ಲಿ ಸೂಜಿಯ ತೂತು, ಕೆಳಗೆ ಟಾಲ್ಕಂ ಪೌಡರಿನಂಥ ನುಣ್ಣನೆ ಪುಡಿ ಕಂಡರೆ ಮಾತ್ರ ಆ ತುಂಡನ್ನು ಒಳಗೆ ತರದೆ ಮೊದಲು ಉರಿಸಿ ಮುಗಿಸಿ.

ದೂರದಿಂದ ಸೌದೆ ತರಿಸಬೇಡಿ. ಉತ್ತರ ಅಮೆರಿಕದಲ್ಲಿ 2002ರಲ್ಲಿ ಮಿಷಿಗನ್ನಿನಲ್ಲಿ ಪತ್ತೆಯಾದ ಎಮರಾಲ್ಡ್ ಆಶ್ ಬೋರರ್ ಅನ್ನುವ ಹಸಿರು ದುಂಬಿ ಹರಡೋದಕ್ಕೆ ಜನ ಗಾಡಿಯಲ್ಲಿ ಸಾಗಿಸಿದ ಸೌದೆಯೂ ಕಾರಣವಾಯಿತು, ಕೋಟಿಗಟ್ಟಲೆ ಆಶ್ ಮರ ಸತ್ತವು.

ಒಟ್ಟಿಲಿಗೆ ಬರಿಗೈ ಹಾಕಬೇಡಿ. ಚೇಳು, ಹಾವು ಎರಡಕ್ಕೂ ಆ ಸಂದಿ ಇಷ್ಟ.

ಹೊಸಒಲೆ
ಹಳೇ ಪ್ಯಾಲೆಟ್ (ಸರಕು ಇಟ್ಟು ಸಾಗಿಸುವ ಮರದ ಚೌಕಟ್ಟು), ಬಡಗಿ ಕೆಲಸದ ಚೂರು, ತೋಟದ ಸವರು ಕೊಂಬೆ ಸೇರಿಸಬಹುದಾ?

ಇಲ್ಲಣ
ಪ್ಯಾಲೆಟ್ ಮೇಲೆ ಸುಟ್ಟೊತ್ತಿದ ಮುದ್ರೆ ನೋಡಿ. ಎಚ್‌ಟಿ ಅಂತಿದ್ದರೆ ಶಾಖ ಕೊಟ್ಟದ್ದು, ಎಣ್ಣೆ ಬಣ್ಣ ಚೆಲ್ಲಿರದಿದ್ದರೆ ಉರಿಸಬಹುದು. ಎಂಬಿ ಅಂತಿದ್ದರೆ ಮೀಥೈಲ್ ಬ್ರೋಮೈಡ್ ಹೊಗೆ ಹಾಕಿದ್ದು, ಬೇಡ. ಮುದ್ರೆಯೇ ಇಲ್ಲದಿದ್ದರೂ ಬೇಡ. ಪ್ಲೈವುಡ್, ಎಂಡಿಎಫ್, ಬಣ್ಣ ಬಳಿದದ್ದು ಒಲೆಗೆ ಹೋಗಬಾರದು. ಹಸಿರು ಛಾಯೆಯ ಔಷಧಿ ಕುಡಿಸಿದ ಹಳೇ ಮರದಲ್ಲಿ ಆರ್ಸೆನಿಕ್ ಇರಬಹುದು, ಅದರ ಬೂದಿಯೂ ವಿಷ. ಸಮುದ್ರದ ದಡಕ್ಕೆ ತೇಲಿ ಬಂದ ಮರದ ಉಪ್ಪು ಒಲೆಯ ಕಬ್ಬಿಣ ತಿನ್ನುತ್ತದೆ. ತೋಟದ್ದರಲ್ಲಿ ಕಣಗಿಲೆ ಕಡ್ಡಿ ಒಂದೂ ಸೇರದಂತೆ ನೋಡಿಕೊಳ್ಳಿ, ಅದರ ಹೊಗೆಯೂ ವಿಷವೇ. ಬಡಗಿಯ ಬರೀ ಮರದ ಚೂರು ಹೊತ್ತಿಸೋಕೆ ಚೆನ್ನ, ಆದರೆ ಒಲೆ ತುಂಬ ಅದನ್ನೇ ಹಾಕಿದರೆ ಒಲೆ ತಡೆಯಲಾರದಷ್ಟು ಬಿಸಿಯಾಗುತ್ತದೆ.

ಹಸಿ ಸೌದೆ ಏನು ಮಾಡುತ್ತದೆ ಅನ್ನೋದನ್ನೂ ಇಲ್ಲೇ ಹೇಳಿಬಿಡುತ್ತೇನೆ. ನೀರು ಆವಿಯಾಗುತ್ತಿರುವಷ್ಟು ಹೊತ್ತು ಉರಿ ತಣ್ಣಗಿರುತ್ತದೆ, ಹೊಗೆ ಪೂರ್ತಿ ಉರಿಯೋದಿಲ್ಲ. ಆ ಹೊಗೆ ಚಿಮಣಿಯ ಮೇಲ್ಭಾಗದ ತಣ್ಣನೆ ಗೋಡೆಗೆ ಡಾಂಬರಿನಂತೆ ಅಂಟುತ್ತದೆ. ಬಾಗಿಲ ಗಾಜು ಒಂದೇ ಸಂಜೆಗೆ ಕಪ್ಪಾದರೆ ಮೇಲೆ ಕೊಳವೆಯೊಳಗೂ ಅದೇ ನಡೀತಿದೆ ಅಂತ ಅರ್ಥ. ಒಣ ಸೌದೆ ಹಾಕಿಯೂ, ರಾತ್ರಿ ಪೂರ್ತಿ ಬರಲಿ ಅಂತ ಗಾಳಿಯ ಕಿಂಡಿ ಮುಚ್ಚಿದರೆ ಫಲ ಅದೇ. ಕಡಿಮೆ ಶಾಖ ಬೇಕಾದರೆ ಕಡಿಮೆ ಸೌದೆ ಹಾಕಿ, ಗಾಳಿ ಕಟ್ಟಬೇಡಿ.

ಪುಡಿಪುಡಿ ಇಲ್ಲಣ ಬ್ರಷ್ಷಿಗೆ ಉದುರುತ್ತದೆ. ಗಾಜಿನಂತೆ ಮಿರುಗುವ ಪದರ ಉದುರೋದಿಲ್ಲ, ಅದೇ ಅಪಾಯದ್ದು. ದಪ್ಪ 3 ಮಿ.ಮೀ. ಮುಟ್ಟುವ ಮುಂಚೆ ತೆಗೆಸಬೇಕು, ಕಡಿಮೆ ಅಂದರೂ ವರ್ಷಕ್ಕೊಮ್ಮೆ. ಚಿಮಣಿ ಹೊತ್ತಿಕೊಂಡರೆ ವಿಮಾನ ಇಳಿದ ಹಾಗೆ ಮೊರೆತ ಕೇಳುತ್ತದೆ: ಒಲೆಯ ಬಾಗಿಲು, ಕಿಂಡಿ ಎಲ್ಲ ಮುಚ್ಚಿ, ಎಲ್ಲರೂ ಹೊರಗೆ ಬಂದು ಅಗ್ನಿಶಾಮಕದವರನ್ನು ಕರೆಯಿರಿ. ಕೊಳವೆಗೆ ನೀರು ಹೊಯ್ಯಬೇಡಿ, ಕಾದ ಚಿಮಣಿ ಸೀಳುತ್ತದೆ. ಒಲೆಯಿರುವ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲೇಬೇಕು.

ಒಣಸೀಳು
ಮನೆಯೊಳಗೆ ಮೂರು ನಾಲ್ಕು ದಿನದ್ದಷ್ಟೇ ಇಡಿ. ಹಸಿ ಸೌದೆ ಒಳಗೆ ಒಣಗಿಸಿದರೆ ಆ ನೀರೆಲ್ಲ ನಿಮ್ಮ ಗೋಡೆಗೆ ಬಂದು ಮೂಲೆಯಲ್ಲಿ ಬೂಷ್ಟು ಹಿಡಿಯುತ್ತದೆ. ಒಲೆ ಬದಿಗೆ ಒರಗಿಸಬೇಡಿ. ಒಲೆಯ ಪುಸ್ತಕದಲ್ಲಿ ಉರಿಯುವ ವಸ್ತುವಿಗೆ ಎಷ್ಟು ದೂರ ಅಂತ ಬರೆದಿರುತ್ತದೆ, ಸೌದೆ ಬುಟ್ಟಿಗೂ ಅದೇ ದೂರ.

ಇಲ್ಲಣ
ಬೂದಿಗೆ ಮುಚ್ಚಳವಿರುವ ತಗಡಿನ ಡಬ್ಬ, ಅದೂ ಮನೆಯ ಹೊರಗೆ, ಕಲ್ಲಿನ ಮೇಲೆ. ಬೂದಿಯೊಳಗೆ ಮುಚ್ಚಿದ ಕೆಂಡ ದಿನಗಟ್ಟಲೆ ಜೀವ ಹಿಡಿದಿರುತ್ತದೆ. ರಟ್ಟಿನ ಡಬ್ಬ, ಪ್ಲಾಸ್ಟಿಕ್ ಬಕೆಟ್, ಸೌದೆ ಕೊಟ್ಟಿಗೆಯ ಮೂಲೆ: ಮೂರೂ ಬೇಡ.

ಹೊಸಒಲೆ
ಹಾಗಾದರೆ ಈ ವರ್ಷಕ್ಕೆ ಸೀಳಿ ಅಳೆದು 1,800 ಕೆ.ಜಿ., ಮುಂದಿನ ವರ್ಷಕ್ಕೆ ಈಗಲೇ ಹಸಿ 4 ಘನ ಮೀಟರ್. ಎರಡನೇ ರಾಶಿ ಒಣಗಿ ಮುಗಿಯಿತು ಅಂತ ಪ್ರತಿ ಸಲ ಸೀಳದೆ ಗೊತ್ತಾಗೋದು ಹೇಗೆ?

ತೂಕದಕಲ್ಲು
ಒಟ್ಟುವಾಗಲೇ ಮೂರು ತುಂಡು ಆರಿಸಿ, ದಪ್ಪನೆಯವೇ ಇರಲಿ. ತುದಿಗೆ ಬಣ್ಣದ ಚುಕ್ಕೆ ಹಾಕಿ, ಸೀಸದ ಕಡ್ಡಿಯಲ್ಲಿ ತಾರೀಖು, ತೂಕ ಬರೆದು ಮೇಲೆ, ನಡುವೆ, ಕೆಳಗೆ ಒಂದೊಂದು ಸಿಕ್ಕಿಸಿ. ಸುಲಭವಾಗಿ ಎಳೆಯೋಕೆ ಬರುವ ಜಾಗ ನೋಡಿಕೊಳ್ಳಿ. ತಿಂಗಳಿಗೊಮ್ಮೆ, ಮಳೆ ಬಿದ್ದ ಮರುದಿನ ಬಿಟ್ಟು, ಅಡುಗೆ ಮನೆ ತಕ್ಕಡಿಯಲ್ಲಿ ತೂಗಿ ಹಳೇ ಅಂಕಿಯ ಕೆಳಗೆ ಹೊಸದು ಬರೆಯಿರಿ. ಮೊದಲ ತಿಂಗಳುಗಳಲ್ಲಿ ನೂರಾರು ಗ್ರಾಂ ಇಳಿಯುತ್ತದೆ, ಆಮೇಲೆ ಹತ್ತಿಪ್ಪತ್ತು. ಮೂರರ ತೂಕವೂ ಎರಡು ತಿಂಗಳು ಅಲುಗದೆ ನಿಂತಾಗ ಕೆಳಗಿನದ್ದನ್ನು ಒಂದು ಸಲ ಸೀಳಿ ಮೀಟರ್ ಹಿಡಿಯಿರಿ. ಮೀಟರಿನ 25ರ ಒಳಗೆ, ಅಂದರೆ ಇಡೀ ತೂಕದ 20%ರ ಒಳಗಿದ್ದರೆ ಒಲೆಗೆ.